ಪೋಕರ್ ಶೋಡೌನ್: ಎಲೆ ತೋರಿಸುವ ಕ್ರಮ, ಹಕ್ಕು, ಮರ್ಯಾದೆ

ರಿವರ್, ಅಂದರೆ ಮೇಜಿನ ಮಧ್ಯದ ಐದನೆಯ, ಕೊನೆಯ ಎಲೆ ಬಿದ್ದಿದೆ. ಕೊನೆಯ ಸುತ್ತಿನ ಬೆಟ್‌ಗೆ ಕಾಲ್ ಆಗಿದೆ (ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿದಿದ್ದಾರೆ), ಇಲ್ಲವೇ ಎಲ್ಲರೂ ಚೆಕ್ ಮಾಡಿದ್ದಾರೆ (ಬೆಟ್ ಇಲ್ಲದೆ ಸರದಿ ದಾಟಿಸಿದ್ದಾರೆ). ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನರ ಬಳಿ ಇನ್ನೂ ಎಲೆಗಳಿವೆ. ಇಲ್ಲಿಂದ ಪಾಟ್, ಅಂದರೆ ಎಲ್ಲರೂ ಹಾಕಿದ ಹಣದ ರಾಶಿ, ಗೆದ್ದವರ ಮುಂದೆ ಸರಿಯುವವರೆಗಿನ ಹೊತ್ತೇ ಶೋಡೌನ್. ಅರ್ಧ ನಿಮಿಷವೂ ಹಿಡಿಯದ ಈ ಹಂತದಲ್ಲೇ ಮೇಜಿನ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಗೆದ್ದಿದ್ದ ಎಲೆಯನ್ನು ಕೈಯಾರೆ ಎಸೆದು ಪಾಟ್ ಕಳೆದುಕೊಳ್ಳುವುದೂ ಇಲ್ಲೇ.

ಫೋನಿನಲ್ಲಿ ಪೋಕರ್ ಕಲಿತವರಿಗೆ ಈ ಭಾಗ ಪೂರ್ತಿ ಹೊಸದು. ಆ್ಯಪ್‌ನಲ್ಲಿ ಎಲೆ ತೆರೆಯುವುದು, ಓದುವುದು, ಚಿಪ್ ಹಂಚುವುದು ಎಲ್ಲವನ್ನೂ ಸಾಫ್ಟ್‌ವೇರೇ ಮಾಡಿಬಿಡುತ್ತಿತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟಿ ಆಡುವ ಆ್ಯಪ್‌ಗಳು ನಿಂತವು. ಹಾಗಾಗಿ ಅಲ್ಲಿ ಕಲಿತವರು ಈಗ ಗೋವಾದ ಕ್ಯಾಸಿನೊ ಮೇಜಿನಲ್ಲೋ ಗೆಳೆಯರ ಮನೆಯಲ್ಲೋ ಕೂತಾಗ, ಎಲೆಯನ್ನು ಯಾವಾಗ, ಹೇಗೆ ತಿರುಗಿಸಬೇಕು ಎಂಬಲ್ಲೇ ಎಡವುತ್ತಾರೆ. ರಮ್ಮಿ, ತೀನ್ ಪತ್ತಿ ಆಡಿ ಬಂದವರ ತೊಡಕು ಬೇರೆ. ರಮ್ಮಿಯಲ್ಲಿ ತಪ್ಪು ಡಿಕ್ಲೇರ್ ಮಾಡಿದರೆ 80 ಪಾಯಿಂಟ್ ತಲೆಗೆ ಬೀಳುತ್ತದೆ. ತೀನ್ ಪತ್ತಿಯಲ್ಲಿ ಹಣ ಹಾಕಿ ಶೋ ಕೇಳಿದವರು ಎಲೆ ಸಮ ಬಂದರೆ ಸೋಲುತ್ತಾರೆ. ಪೋಕರ್‌ನಲ್ಲಿ ಇವೆರಡೂ ಇಲ್ಲ. ಬಾಯಿ ತಪ್ಪಿ ಏನು ಹೇಳಿದರೂ ಎಲೆ ಬದಲಾಗದು. ಸಮ ಬಂದರೆ ಪಾಟ್ ಹಂಚಿಕೆಯಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಟೆಕ್ಸಾಸ್ ಹೋಲ್ಡೆಮ್ ಆಟಕ್ಕೆ. ನಿಯಮಗಳಿಗೆ ಆಧಾರ 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್, ಅಂದರೆ ಟಿಡಿಎ ರೂಪಿಸಿರುವ ನಿಯಮಾವಳಿ. ಜಗತ್ತಿನ ಬಹಳಷ್ಟು ಟೂರ್ನಮೆಂಟ್‌ಗಳು ಇದನ್ನೇ ಅನುಸರಿಸುತ್ತವೆ. ಚಿಪ್‌ಗೆ ನೇರ ಹಣದ ಬೆಲೆಯಿರುವ ಕ್ಯಾಶ್ ಗೇಮ್‌ನಲ್ಲಿ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಲ್ಲೇ ಹೇಳಿದ್ದೇವೆ.

ಮೊದಲ ಪಾಠ: ಎರಡೂ ಎಲೆ, ಅಂಗಾತ, ಮೇಜಿನ ಮೇಲೆ

ಪಾಟ್‌ನಲ್ಲಿ ನಿಮ್ಮ ಪಾಲು ಬೇಕಿದ್ದರೆ ಎಲೆಯನ್ನು ಸರಿಯಾಗಿ ತೆರೆದಿಡಬೇಕು. ಸರಿಯಾಗಿ ಎಂದರೆ ಎರಡು ಷರತ್ತು: ಕೈಯಲ್ಲಿದ್ದ ಎಲೆಗಳೆಲ್ಲ ಮೇಜಿನ ಮೇಲೆ ಅಂಗಾತ ಇರಬೇಕು, ಡೀಲರ್‌ಗೂ ಉಳಿದ ಆಟಗಾರರಿಗೂ ಸ್ಪಷ್ಟವಾಗಿ ಕಾಣಬೇಕು. ಹೋಲ್ಡೆಮ್‌ನಲ್ಲಿ ಎರಡು ಎಲೆ, ಒಮಾಹಾ ಎಂಬ ಇನ್ನೊಂದು ಬಗೆಯ ಪೋಕರ್‌ನಲ್ಲಿ ನಾಲ್ಕೂ ಎಲೆ. ಕೈಯಲ್ಲಿ ಎತ್ತಿ ಹಿಡಿದು ಎದುರಿನವರಿಗೆ ಮಿಂಚಿನಂತೆ ತೋರಿಸಿ ಮತ್ತೆ ಬೋರಲು ಹಾಕಿದರೆ ಅದು ತೆರೆದಂತಲ್ಲ.

ಮಾಡುವ ಕ್ರಮ ಹೀಗಿರಲಿ:

1. ಎರಡೂ ಎಲೆಯನ್ನು ಒಟ್ಟಿಗೆ ತಿರುಗಿಸಿ, ನಿಮ್ಮ ಚಿಪ್‌ಗಳ ಮುಂದೆ ಸುಮಾರು ಒಂದು ಗೇಣು ದೂರದಲ್ಲಿ ಇಡಿ. ಎಸೆಯಬೇಡಿ. ಎಸೆದ ಎಲೆ ಜಾರಿ ಮಕ್‌ಗೆ, ಅಂದರೆ ಬಿಟ್ಟ ಎಲೆಗಳ ರಾಶಿಗೆ ತಾಗಿದರೆ ತಕರಾರು ಶುರು.
2. ಒಂದರ ಮೇಲೊಂದು ಬೀಳದಂತೆ ಬಿಡಿಸಿಡಿ. ಆಟೀನ್ ಮತ್ತು ಡೈಮಂಡ್ ಎರಡೂ ಕೆಂಪು. ಮೂಲೆ ಮುಚ್ಚಿಹೋದರೆ ದೂರದಿಂದ ತಪ್ಪಾಗಿ ಕಾಣುವುದು ಸಹಜ.
3. ಬೇಕಿದ್ದರೆ ನಿಮ್ಮ ಹ್ಯಾಂಡ್ (ನಿಮ್ಮ ಅತ್ಯುತ್ತಮ ಐದು ಎಲೆಯ ಜೋಡಣೆ) ಏನೆಂದು ಒಮ್ಮೆ ಹೇಳಿ.
4. ಪಾಟ್ ನಿಮ್ಮ ಮುಂದೆ ಬರುವವರೆಗೆ ಎಲೆಯನ್ನು ಅಲ್ಲಿಂದ ಕದಲಿಸಬೇಡಿ, ಬೇರೆಯವರು ಎತ್ತಿಕೊಳ್ಳಲೂ ಬಿಡಬೇಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಚಿಪ್ ಕೈಗೆ ಬರುವ ಮೊದಲೇ ಎಲೆ ಬಿಟ್ಟುಕೊಡಬಾರದು. ಈ ಒಂದು ಅಭ್ಯಾಸ ಇದ್ದರೆ ಮುಂದೆ ಬರುವ ಅರ್ಧದಷ್ಟು ಸಮಸ್ಯೆಗಳು ನಿಮ್ಮನ್ನು ಮುಟ್ಟುವುದೇ ಇಲ್ಲ.

ಒಂದೇ ಎಲೆ ತೋರಿಸುವ ಚಾಳಿ ಕೆಲವರಿಗಿದೆ. ಬೋರ್ಡ್‌ನಲ್ಲಿ, ಅಂದರೆ ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ, ನಾಲ್ಕು ಆಟೀನ್ ಇರುತ್ತದೆ, ಕೈಯಲ್ಲಿ ಆಟೀನ್ ಎಕ್ಕ ಇರುತ್ತದೆ, ಅದೊಂದನ್ನು ಮೇಜಿಗೆ ಬಡಿದು ಪಾಟ್‌ಗೆ ಕೈಚಾಚುತ್ತಾರೆ. ಗೆಲ್ಲಲು ಆ ಎಕ್ಕವೊಂದೇ ಸಾಕು ಎಂಬುದು ನಿಜ, ಆದರೂ ಇನ್ನೊಂದನ್ನೂ ತೋರಿಸಲೇಬೇಕು. ಕಟ್ಟಿನಲ್ಲಿ ಏನೋ ಎಡವಟ್ಟಾಗಿ ಒಬ್ಬರಿಗೆ ಮೂರು ಎಲೆ ಹೋಗಿಲ್ಲ, ಒಂದೇ ಎಲೆ ಎರಡು ಬಾರಿ ಬಂದಿಲ್ಲ ಎಂದು ಖಚಿತವಾಗುವುದು ಎಲ್ಲ ಎಲೆ ಕಂಡಾಗ ಮಾತ್ರ. ಡೀಲರ್ ಎರಡನೆಯದನ್ನೂ ತೆರೆಯಲು ಹೇಳಬೇಕು. ಒಪ್ಪದಿದ್ದರೆ ಫ್ಲೋರ್ ಮೇಲ್ವಿಚಾರಕರನ್ನು ಕರೆಯಬೇಕು.

ಯಾರು ಮೊದಲು ತೋರಿಸಬೇಕು

ಯಾರಾದರೂ ತಾವಾಗಿಯೇ ಎಲೆ ತೆರೆದರೆ ಸರದಿಯ ಪ್ರಶ್ನೆಯೇ ಬರುವುದಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತ ಕೂತಾಗ ನಿಯಮ ಹೀಗಿದೆ: ರಿವರ್ ಸುತ್ತಿನಲ್ಲಿ ಕೊನೆಯದಾಗಿ ಬೆಟ್ ಅಥವಾ ರೇಸ್ (ಬೆಟ್ ಏರಿಸುವುದು) ಮಾಡಿದವರು ಮೊದಲು ತೋರಿಸಬೇಕು. ರಿವರ್‌ನಲ್ಲಿ ಬೆಟ್ಟೇ ಆಗಿಲ್ಲದಿದ್ದರೆ, ಡೀಲರ್ ಬಟನ್‌ನ (ಹಂಚುವ ಸರದಿ ಯಾರದೆಂದು ತೋರಿಸುವ ಬಿಲ್ಲೆಯ) ಎಡಕ್ಕೆ ಆಟದಲ್ಲಿ ಉಳಿದಿರುವ ಮೊದಲನೆಯವರು. ಅಲ್ಲಿಂದ ಪ್ರದಕ್ಷಿಣೆಯಾಗಿ ಸರದಿ.

ಉದಾಹರಣೆ ನೋಡಿ. ಬಟನ್ 5ನೇ ಸೀಟಿನಲ್ಲಿದೆ. ರಿವರ್‌ನಲ್ಲಿ 1ನೇ ಸೀಟಿನವರು ಚೆಕ್, 4ನೇ ಸೀಟಿನವರು 800 ಬೆಟ್, 5ನೇ ಸೀಟಿನವರು 2,400ಕ್ಕೆ ರೇಸ್. 1ನೇ ಸೀಟು ಫೋಲ್ಡ್ (ಎಲೆ ಬಿಟ್ಟು ಆಟದಿಂದ ಹೊರಗೆ), 4ನೇ ಸೀಟು ಕಾಲ್. ಇಲ್ಲಿ 5ನೇ ಸೀಟಿನವರೇ ಮೊದಲು ತೋರಿಸಬೇಕು. 800 ಬೆಟ್ ಮೊದಲು ಬಂತಲ್ಲ ಎಂಬ ವಾದ ನಿಲ್ಲುವುದಿಲ್ಲ. ಲೆಕ್ಕಕ್ಕೆ ಬರುವುದು ಕೊನೆಯ ಆಕ್ರಮಣ. ಇದೇ ಮೂವರೂ ರಿವರ್‌ನಲ್ಲಿ ಚೆಕ್ ಮಾಡಿದ್ದರೆ 1ನೇ ಸೀಟು ಮೊದಲು, ನಂತರ 4, ಕೊನೆಗೆ 5.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಬೇರೂರಿದೆ. ಟರ್ನ್‌ನಲ್ಲಿ (ನಾಲ್ಕನೆಯ ಎಲೆಯ ಸುತ್ತಿನಲ್ಲಿ) ಬೆಟ್ ಮಾಡಿದವರು, ರಿವರ್‌ನಲ್ಲಿ ಎಲ್ಲರೂ ಚೆಕ್ ಮಾಡಿದ್ದರೂ, ಮೊದಲು ತೋರಿಸಬೇಕು ಎನ್ನುತ್ತಾರೆ. ಟಿಡಿಎ ಪ್ರಕಾರ ಹಾಗಿಲ್ಲ. ಹಿಂದಿನ ಸುತ್ತುಗಳು ಲೆಕ್ಕಕ್ಕಿಲ್ಲ. ಕೆಲವು ಮನೆಯಾಟಗಳಲ್ಲಿ ಹಿಂದಿನ ಸುತ್ತನ್ನೂ ಎಣಿಸುವ ರೂಢಿ ಇದ್ದರೆ, ಅದನ್ನು ಆಟದ ಮೊದಲೇ ಎಲ್ಲರಿಗೂ ತಿಳಿಸಿಬಿಡಿ.

ಸರದಿಗೆ ಇಷ್ಟು ಮಹತ್ವ ಯಾಕೆಂದರೆ ಎಲೆ ತೋರಿಸುವುದು ಮಾಹಿತಿ ಕೊಟ್ಟಂತೆ. ಮೊದಲು ತೆರೆದವರ ಆಟದ ಬಗೆ ಇಡೀ ಮೇಜಿಗೆ ಗೊತ್ತಾಗುತ್ತದೆ. ನಂತರದವರಿಗೆ ಸೋತಿದ್ದೇನೆ ಎಂದು ಕಂಡರೆ ತೋರಿಸದೆಯೇ ಬಿಡುವ ಅವಕಾಶವಿದೆ. ಬೆಟ್ ಮಾಡಿದವರಿಗೆ ಈ ಭಾರ ಬರುವುದು ನ್ಯಾಯವೇ. ಅವರ ಎಲೆ ನೋಡಲೆಂದೇ ಎದುರಿನವರು ದುಡ್ಡು ಹಾಕಿದ್ದು.

ಹಾಗೆಂದು ನಿಯಮವನ್ನು ಹಿಡಿದು ಕೂರುವುದೂ ಒಳ್ಳೆಯದಲ್ಲ. ನಿಮ್ಮ ಹ್ಯಾಂಡ್ ಗೆಲ್ಲುವುದು ಬಹುತೇಕ ಖಚಿತವಾಗಿದ್ದರೆ, ಸರದಿ ನಿಮ್ಮದಲ್ಲದಿದ್ದರೂ ಮೊದಲು ತೆರೆದಿಡಿ. ಒಂದು ನಿಮಿಷ ಉಳಿಯುತ್ತದೆ, ಮೇಜಿನ ಬಿಸಿಯೂ ಇಳಿಯುತ್ತದೆ.

ಬಾಯಿ ಮಾತಿಗೆ ಎಲೆ ಬಿಡಬೇಡಿ

ಪಾಟ್ ಯಾರದೆಂದು ನಿರ್ಧರಿಸುವುದು ಮೇಜಿನ ಮೇಲೆ ತೆರೆದ ಎಲೆ ಮಾತ್ರ. ಒಬ್ಬರು ‘ಫ್ಲಶ್’ (ಒಂದೇ ಜಾತಿಯ ಐದು ಎಲೆ) ಎನ್ನುತ್ತಾರೆ. ಎಲೆ ನೋಡಿದರೆ ಒಂದು ಇಸ್ಪೀಟು, ಒಂದು ಕಳಾವರ್. ತೆರೆದ ಎಲೆಯಲ್ಲಿ ಫ್ಲಶ್ ಇಲ್ಲದಿದ್ದರೆ ಇಲ್ಲ, ಅಷ್ಟೇ. ಅದೇ ರೀತಿ ‘ಜೋಡಿ ಮಾತ್ರ’ ಎಂದವರ ಎಲೆಯಲ್ಲಿ ಸ್ಟ್ರೈಟ್ (ಸಾಲಾಗಿ ಬರುವ ಐದು ಎಲೆ) ಇದ್ದರೆ, ಅವರಿಗೇ ಗೊತ್ತಿರದಿದ್ದರೂ, ಸ್ಟ್ರೈಟ್‌ಗೆ ಸಿಗಬೇಕಾದದ್ದು ಸಿಗುತ್ತದೆ. ಬೇಕೆಂದೇ ಸುಳ್ಳು ಹೇಳಿದವರಿಗೆ ಟೂರ್ನಮೆಂಟ್‌ನಲ್ಲಿ ದಂಡನೆ ಇದೆ.

ಆದರೆ ದಂಡನೆಯಿಂದ ನಿಮ್ಮ ಪಾಟ್ ಮರಳಿ ಬರುವುದಿಲ್ಲ. ಎದುರಿನವರ ‘ಫ್ಲಶ್’ ಮಾತು ನಂಬಿ ನಿಮ್ಮ ಎರಡು ಜೋಡಿಯನ್ನು ಬೋರಲು ಎಸೆದು, ಡೀಲರ್ ಅದನ್ನು ಮಕ್‌ಗೆ ಸೇರಿಸಿಬಿಟ್ಟರೆ ಕಥೆ ಮುಗಿಯಿತು. ಎದುರಿನವರ ಎರಡೂ ಎಲೆ ಕಣ್ಣಾರೆ ಕಾಣುವವರೆಗೆ ನಿಮ್ಮ ಎಲೆ ನಿಮ್ಮ ಬೆರಳ ಕೆಳಗೇ ಇರಲಿ.

ಇದರ ಇನ್ನೊಂದು ರೂಪ ಇನ್ನೂ ಅಪಾಯದ್ದು. ನೀವು ರಿವರ್‌ನಲ್ಲಿ ಕಾಲ್ ಮಾಡಿದ್ದೀರಿ. ಬ್ಲಫ್ ಮಾಡಿದವರು ‘ಚೆನ್ನಾಗಿ ಹಿಡಿದ್ರಿ, ನಿಮ್ಮದೇ’ ಎನ್ನುತ್ತಾರೆ, ಎಲೆ ಮಾತ್ರ ಬಿಡುವುದಿಲ್ಲ. ನೀವು ಗೆದ್ದೆ ಎಂಬ ಖುಷಿಯಲ್ಲಿ ಎಲೆ ಎಸೆಯುತ್ತೀರಿ. ಈಗ ಜೀವಂತ ಎಲೆ ಇರುವುದು ಅವರ ಬಳಿ ಮಾತ್ರ, ಪಾಟ್ ಅವರದಾಗುತ್ತದೆ. ಸೋಲೊಪ್ಪಿದ ಮಾತನ್ನು ಕೇಳಿ ತಲೆಯಾಡಿಸಿ, ಬೇಕಿದ್ದರೆ ಥ್ಯಾಂಕ್ಸ್ ಹೇಳಿ, ಆದರೆ ನಿಮ್ಮ ಎಲೆಯನ್ನು ತೆರೆದಿಟ್ಟುಬಿಡಿ.

ಸಮ ಬಂದದ್ದನ್ನು ಗುರುತಿಸದೆ ಸೋತೆ ಎಂದುಕೊಳ್ಳುವುದು ಇನ್ನೊಂದು ದೊಡ್ಡ ಸೋರಿಕೆ. ಬೋರ್ಡ್‌ನಲ್ಲಿ ಎಕ್ಕ, ರಾಜ, ರಾಣಿ, 9, 9 ಇದೆ. ಯಾರಿಗೂ ಫ್ಲಶ್ ಇಲ್ಲ ಎಂದಿಟ್ಟುಕೊಳ್ಳಿ. ನಿಮ್ಮಲ್ಲಿ ಎಕ್ಕ-4, ಎದುರಿನವರಲ್ಲಿ ಎಕ್ಕ-7. ಅವರು ತೆರೆದ ಕೂಡಲೇ ‘ಏಳರ ಮುಂದೆ ನಾಲ್ಕು ಚಿಕ್ಕದು’ ಎಂದು ಎಲೆ ಬಿಡುವವರು ಎಷ್ಟೋ ಜನ. ಐದು ಎಲೆ ಎಣಿಸಿ ನೋಡಿ: ಇಬ್ಬರದೂ ಎಕ್ಕ, ಎಕ್ಕ, 9, 9, ರಾಜ. ಏಳಕ್ಕೂ ನಾಲ್ಕಕ್ಕೂ ಜಾಗವೇ ಇಲ್ಲ. ಪಾಟ್ ಅರ್ಧ ನಿಮ್ಮದು. ಬೋರ್ಡ್‌ನಲ್ಲಿ ಜೋಡಿ ಇದ್ದಾಗ, ದೊಡ್ಡ ಎಲೆಗಳು ಹೆಚ್ಚಿದ್ದಾಗ, ಖಚಿತವಿಲ್ಲದಿದ್ದರೆ ತೆರೆದಿಟ್ಟು ಡೀಲರ್‌ಗೆ ಓದಲು ಬಿಡಿ. ಸೋತ ಎಲೆ ತೋರಿಸಿದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ.

ಮಕ್‌ಗೆ ಹೋದ ಎಲೆ

ಬೋರಲು ಮುಂದಕ್ಕೆ ತಳ್ಳಿದ ಕ್ಷಣಕ್ಕೇ ಎಲೆ ಸತ್ತಿತು ಎಂಬುದು ಟಿಡಿಎ ನಿಯಮವಲ್ಲ. ಶೋಡೌನ್‌ನಲ್ಲಿ ಬೋರಲು ಬಿಟ್ಟ ಎಲೆ ಯಾವುದೆಂದು ನೂರಕ್ಕೆ ನೂರು ಗುರುತಿಸಲು, ಹಿಂದಕ್ಕೆ ತೆಗೆಯಲು ಸಾಧ್ಯವಿದ್ದರೆ, ಆಟಗಾರ ಮನಸ್ಸು ಬದಲಿಸಿ ತೆರೆಯಬಹುದು. ಡೀಲರ್ ಅದನ್ನು ಮಕ್‌ಗೆ ತಳ್ಳಿದಾಗ, ಅಥವಾ ಬೇರೆ ಎಲೆಗಳ ಜೊತೆ ಬೆರೆತು ಗುರುತು ಸಿಗದಂತಾದಾಗ ಸತ್ತಂತೆ. ಕೆಲವು ಕ್ಯಾಶ್ ಗೇಮ್‌ಗಳಲ್ಲಿ ಮಕ್‌ಗೆ ತಾಗಿದರೆ ಮುಗಿಯಿತು ಎಂಬ ಕಟ್ಟುನಿಟ್ಟು ಇದೆ. ಹಾಗಾಗಿ ಹಿಂದಕ್ಕೆ ತೆಗೆಯಬಹುದೆಂಬ ನಂಬಿಕೆಯ ಮೇಲೆ ಆಡಬೇಡಿ.

ಸರಿಯಾಗಿ ತೆರೆದಿಟ್ಟಿದ್ದ, ಸ್ಪಷ್ಟವಾಗಿ ಗೆದ್ದಿದ್ದ ಎಲೆಯನ್ನು ಡೀಲರ್ ತಪ್ಪಿ ಎತ್ತಿಕೊಂಡರೂ ಗೆಲುವು ಹೋಗುವುದಿಲ್ಲ. ಮೇಜಿನಲ್ಲಿದ್ದವರೆಲ್ಲ ಅದನ್ನು ನೋಡಿರುತ್ತಾರೆ. ಬೋರಲು ಇದ್ದ ಎಲೆಯನ್ನು ಡೀಲರ್ ತಪ್ಪಿ ಎತ್ತಿಕೊಂಡರೆ ಪರಿಹಾರವಿಲ್ಲ. ಕಾಲ್ ಮಾಡಿದ ಚಿಪ್ ಕೂಡ ವಾಪಸ್ ಇಲ್ಲ. ಎಲೆ ಕಾಯುವ ಹೊಣೆ ಆಟಗಾರನದೇ. ಡೀಲರ್‌ನ ಪಕ್ಕದ ಎರಡು ಸೀಟುಗಳಲ್ಲಿ ಕೂತವರಿಗೆ ಈ ಅಪಾಯ ಹೆಚ್ಚು, ಕಾರಣ ಅವರ ಎಲೆ ಡೀಲರ್‌ನ ಕೈಗೆ ಹತ್ತಿರ. ಅಲ್ಲಿ ಕೂತಾಗ ಎಲೆಯ ಮೇಲೆ ಒಂದು ಚಿಪ್ ಇಟ್ಟುಕೊಳ್ಳಿ.

ಮೂರು ಜನರಿದ್ದಾಗ ಇನ್ನೊಂದು ಎಡವಟ್ಟು ಆಗುತ್ತದೆ. ಎದುರಿನವರು ಫೋಲ್ಡ್ ಮಾಡಿದ್ದು ಕಂಡು, ಪಾಟ್ ತನ್ನದೇ ಎಂದು ಒಬ್ಬರು ಎಲೆ ಎಸೆಯುತ್ತಾರೆ. ಮೂಲೆಯಲ್ಲಿ ಚಿಪ್ ರಾಶಿಯ ಹಿಂದೆ ಮೂರನೆಯವರ ಎಲೆ ಇನ್ನೂ ಇರುತ್ತದೆ. ಎಲೆ ಬಿಡುವ ಮುಂಚೆ ಮೇಜಿನ ಸುತ್ತ ಒಮ್ಮೆ ಕಣ್ಣು ಹಾಯಿಸಿ, ಯಾರ ಮುಂದೆ ಎಲೆ ಇದೆ ಎಂದು ಎಣಿಸಿ.

ಆಲ್-ಇನ್ ಮತ್ತು ಸೈಡ್ ಪಾಟ್

ಟೂರ್ನಮೆಂಟ್‌ನಲ್ಲಿ ಒಬ್ಬರು ತಮ್ಮ ಚಿಪ್ ಪೂರ್ತಿ ಹಾಕಿ ಆಲ್-ಇನ್ ಆಗಿ, ಉಳಿದವರ ಬೆಟ್ಟಿಂಗ್ ಪೂರ್ತಿ ಮುಗಿದ ಕೂಡಲೇ ಎಲ್ಲರ ಎಲೆಯೂ ತೆರೆಯಬೇಕು. ಫ್ಲಾಪ್‌ನಲ್ಲೇ (ಬೋರ್ಡ್‌ನ ಮೊದಲ ಮೂರು ಎಲೆ ಬಿದ್ದ ಸುತ್ತಿನಲ್ಲೇ) ಹಾಗಾದರೆ ಟರ್ನ್, ರಿವರ್ ಬೀಳುವ ಮೊದಲೇ. ಸೋತೆ ಎಂದು ಬೋರಲು ಬಿಡುವ ಹಕ್ಕು ಇಲ್ಲಿ ಯಾರಿಗೂ ಇಲ್ಲ. ಕಾರಣ ಸರಳ: ಇಬ್ಬರು ಒಳಒಪ್ಪಂದ ಮಾಡಿಕೊಂಡು ಒಬ್ಬರು ಇನ್ನೊಬ್ಬರಿಗೆ ಚಿಪ್ ದಾಟಿಸುವುದನ್ನು ತಡೆಯಬೇಕು. ಒಳ್ಳೆಯ ಎಲೆ ಇದ್ದೂ ಬೇಕೆಂದೇ ಸೋತವರು ಎಲೆ ಮುಚ್ಚಿಟ್ಟರೆ ಮೋಸ ಬಯಲಾಗುವುದಿಲ್ಲ.

ಬೆಟ್ಟಿಂಗ್ ಇನ್ನೂ ಬಾಕಿ ಇರುವಾಗ ಮಾತ್ರ ಆತುರ ಬೇಡ. ಆಲ್-ಇನ್ ಆದವರು ಉತ್ಸಾಹದಲ್ಲಿ ಎಲೆ ತಿರುಗಿಸಿದರೆ, ಉಳಿದಿಬ್ಬರ ನಿರ್ಧಾರ ಆ ಎಲೆಯ ಮೇಲೆ ವಾಲುತ್ತದೆ. ಟೂರ್ನಮೆಂಟ್‌ನಲ್ಲಿ ಇದಕ್ಕೆ ದಂಡನೆ ಬರಬಹುದು. ಕ್ಯಾಶ್ ಗೇಮ್‌ನ ರೂಢಿ ಬೇರೆ: ಬಹಳ ಕಡೆ ಆಲ್-ಇನ್ ಆದರೂ ರಿವರ್ ಬೀಳುವವರೆಗೆ ಎಲೆ ಮುಚ್ಚಿಟ್ಟುಕೊಳ್ಳಬಹುದು, ಆಮೇಲೆ ಮಾಮೂಲಿ ಸರದಿ.

ಸೈಡ್ ಪಾಟ್ ಇದ್ದಾಗ ಅದನ್ನೇ ಮೊದಲು ತೀರ್ಮಾನಿಸಬೇಕು. ಮೊದಲನೆಯವರ ಬಳಿ 2,000 ಮಾತ್ರ ಇತ್ತು, ಆಲ್-ಇನ್ ಆದರು. ಉಳಿದಿಬ್ಬರು ತಲಾ 5,000 ಹಾಕಿದರು. ಮೇನ್ ಪಾಟ್ 6,000, ಮೂವರಿಗೂ ಸೇರಿದ್ದು. ಉಳಿದಿಬ್ಬರ ತಲಾ 3,000 ಸೇರಿ ಸೈಡ್ ಪಾಟ್ 6,000, ಅದರಲ್ಲಿ ಮೊದಲನೆಯವರಿಗೆ ಪಾಲಿಲ್ಲ. ಡೀಲರ್ ಮೊದಲು ಆ ಇಬ್ಬರ ಎಲೆ ಹೋಲಿಸಿ ಸೈಡ್ ಪಾಟ್ ಕೊಡಬೇಕು, ಆಮೇಲೆ ಮೂವರ ಎಲೆ ಹೋಲಿಸಿ ಮೇನ್ ಪಾಟ್. ಕ್ರಮ ತಿರುಗಿಸಿದರೆ ಆಗುವುದೇನು? ಆಲ್-ಇನ್ ಆದವರ ದೊಡ್ಡ ಎಲೆ ಮೊದಲೇ ಕಂಡು, ಸೈಡ್ ಪಾಟ್ ಗೆಲ್ಲಬಹುದಾಗಿದ್ದವರು ತಾವೂ ಸೋತೆವೆಂದು ಎಲೆ ಎಸೆದುಬಿಡುತ್ತಾರೆ. ಹಾಗೆ ಕೈತಪ್ಪಿದ 6,000 ಸಣ್ಣ ಮೊತ್ತವಲ್ಲ.

ಬೋರ್ಡ್‌ನಲ್ಲೇ ಎಲ್ಲ ಇದ್ದಾಗ

ಬೋರ್ಡ್‌ನಲ್ಲಿ ಇಸ್ಪೀಟು ಎಕ್ಕ, ಆಟೀನ್ ರಾಜ, ಕಳಾವರ್ ರಾಣಿ, ಡೈಮಂಡ್ ಗುಲಾಮ, ಆಟೀನ್ 10. ಇದಕ್ಕಿಂತ ದೊಡ್ಡದನ್ನು ಯಾರೂ ಮಾಡಲಾರರು, ಉಳಿದವರೆಲ್ಲ ಸಮ. ಆದರೂ ಪಾಲು ಬೇಕಿದ್ದರೆ ಎರಡೂ ಎಲೆಯನ್ನು ತೆರೆಯಲೇಬೇಕು. ‘ಬೋರ್ಡೇ ನನ್ನದು’ ಎಂದು ಎಲೆ ಎಸೆದವರು ತಮ್ಮ ಪಾಲನ್ನೂ ಎಸೆದಂತೆ.

ಇನ್ನೊಬ್ಬರ ಎಲೆ ನೋಡುವ ಹಕ್ಕು

ರಿವರ್‌ನಲ್ಲಿ ಬೆಟ್ ಆಗಿ ನೀವು ಕಾಲ್ ಮಾಡಿದ್ದರೆ, ಕೊನೆಯದಾಗಿ ಬೆಟ್ ಅಥವಾ ರೇಸ್ ಮಾಡಿದವರ ಎಲೆ ನೋಡಲು ನಿಮಗೆ ಪೂರ್ತಿ ಹಕ್ಕಿದೆ. ಒಂದೇ ಷರತ್ತು: ನಿಮ್ಮ ಎಲೆ ನಿಮ್ಮ ಬಳಿಯೇ ಇರಬೇಕು ಅಥವಾ ತೆರೆದಿರಬೇಕು. ಬೋರಲು ಬಿಟ್ಟುಕೊಟ್ಟ ಮೇಲೆ ಆ ಹಕ್ಕು ಹೋಗುತ್ತದೆ. ಇನ್ನೊಬ್ಬ ಕಾಲರ್‌ನ ಎಲೆ ನೋಡಬೇಕು, ಅಥವಾ ಬೆಟ್ಟೇ ಇಲ್ಲದ ರಿವರ್‌ನಲ್ಲಿ ನೋಡಬೇಕು ಎಂದರೆ ಟೂರ್ನಮೆಂಟ್ ಡೈರೆಕ್ಟರ್‌ರ ತೀರ್ಮಾನ.

ಕ್ಯಾಶ್ ಗೇಮ್‌ನ ಹಳೆಯ ಸಂಪ್ರದಾಯ ಇನ್ನೂ ಉದಾರ. ಶೋಡೌನ್‌ವರೆಗೆ ಬಂದ ಯಾವ ಎಲೆಯನ್ನಾದರೂ, ಆ ಆಟದಲ್ಲಿ ಎಲೆ ಹಂಚಿಸಿಕೊಂಡಿದ್ದ ಯಾರಾದರೂ ನೋಡಲು ಕೇಳಬಹುದು. ಒಳಒಪ್ಪಂದ ಹಿಡಿಯಲು ಬಂದ ನಿಯಮ ಇದು. ಸೋತವರನ್ನು ಕೆಣಕಲು, ಆಟದ ಬಗೆ ಕದಿಯಲು ಬಳಸಿದರೆ ದುರ್ಬಳಕೆ. ಪದೇಪದೇ ಕೇಳುವವರಿಂದ ಈ ಸೌಲಭ್ಯವನ್ನು ಕಿತ್ತುಕೊಳ್ಳಬಹುದು. ಗೆದ್ದವರನ್ನು ಬಿಟ್ಟು ಬೇರೆಯವರು ಕೇಳಿದರೆ ಡೀಲರ್ ಆ ಎಲೆಯನ್ನು ಮೊದಲು ಮಕ್‌ಗೆ ತಾಗಿಸಿ, ಸತ್ತಿದೆ ಎಂದು ಖಚಿತಪಡಿಸಿ, ನಂತರ ತೆರೆಯುತ್ತಾರೆ. ಗೆದ್ದವರೇ ಕೇಳಿದರೆ ಎರಡೂ ಹ್ಯಾಂಡ್ ಜೀವಂತ: ಸೋತೆ ಎಂದು ಬಿಟ್ಟವರ ಎಲೆ ನಿಜಕ್ಕೂ ದೊಡ್ಡದಿದ್ದರೆ ಪಾಟ್ ಅವರದು. ಆದ್ದರಿಂದ ಪಾಟ್ ನಿಮ್ಮ ಕಡೆ ಬರುತ್ತಿರುವಾಗ ಸುಮ್ಮನಿರಿ.

ಕೇಳುವುದಿದ್ದರೆ ಡೀಲರ್‌ನ್ನು ಕೇಳಿ, ಮೆಲುದನಿಯಲ್ಲಿ. ಇನ್ನೊಬ್ಬರ ಎಲೆಯನ್ನು ನೀವೇ ಕೈಹಾಕಿ ತಿರುಗಿಸುವುದು ಎಲ್ಲೂ ಸಲ್ಲದು.

ತೋರಿಸುವಾಗ ಪಕ್ಕದವರಿಗೆ ಮಾತ್ರ ತೋರಿಸುವಂತಿಲ್ಲ. ಒಬ್ಬರಿಗೆ ತೋರಿಸಿದ್ದನ್ನು ಎಲ್ಲರೂ ಕೇಳಿ ನೋಡಬಹುದು. ಎಲ್ಲರೂ ಫೋಲ್ಡ್ ಮಾಡಿದ್ದರಿಂದ, ಅಥವಾ ಶೋಡೌನ್‌ನಲ್ಲಿ ಉಳಿದವರೆಲ್ಲ ಬೋರಲು ಬಿಟ್ಟಿದ್ದರಿಂದ ನಿಮಗೆ ಪಾಟ್ ಬಂದಿದ್ದರೆ, ಟಿಡಿಎ ಪ್ರಕಾರ ನೀವು ತೋರಿಸಬೇಕಾಗಿಯೇ ಇಲ್ಲ.

ಸ್ಲೋ ರೋಲ್ ಮಾಡಬೇಡಿ

ಗೆದ್ದೇ ಗೆಲ್ಲುವ ಎಲೆ ಕೈಯಲ್ಲಿದೆ. ಎದುರಿನವರು ತಮ್ಮದನ್ನು ತೆರೆದು ಪಾಟ್ ಕಡೆ ನೋಡುತ್ತಿದ್ದಾರೆ. ಆಗ ಬೇಕೆಂದೇ ತಡಮಾಡಿ, ನಿಟ್ಟುಸಿರು ಬಿಟ್ಟು, ಅವರ ಮುಖ ಅರಳಿದ ಮೇಲೆ ಎಲೆ ತಿರುಗಿಸುವುದೇ ಸ್ಲೋ ರೋಲ್. ಸಾಮಾನ್ಯವಾಗಿ ನಿಯಮದಲ್ಲಿ ಇದಕ್ಕೆ ತಡೆಯಿಲ್ಲ, ಆದರೆ ಮೇಜಿನಲ್ಲಿ ಇದಕ್ಕಿಂತ ಕೀಳಾದ ನಡವಳಿಕೆ ಕಡಿಮೆ. ಇನ್ನೊಬ್ಬರ ನೋವನ್ನು ಬೇಕೆಂದೇ ಎಳೆಯುವುದನ್ನು ಆಟದ ಭಾಗ ಎಂದು ನಾವು ಒಪ್ಪುವುದಿಲ್ಲ. ಗೆಲ್ಲುವ ಎಲೆ ಎಂದು ಗೊತ್ತಿದ್ದರೆ ಎರಡು ಮೂರು ಸೆಕೆಂಡಿನೊಳಗೆ ತೆರೆಯಿರಿ. ನಿಜಕ್ಕೂ ಹ್ಯಾಂಡ್ ಓದಲು ಗೊಂದಲವಾಗಿ ತಡವಾದರೆ ಅದು ಸ್ಲೋ ರೋಲ್ ಅಲ್ಲ. ‘ಒಂದು ನಿಮಿಷ, ನೋಡ್ಕೊಳ್ತೀನಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಸಿಕ್ಕಿಬಿದ್ದ ಬ್ಲಫ್‌ನವರಿಗೂ ಇದೇ ಮಾತು. ತೋರಿಸಿ ಅಥವಾ ಬಿಡಿ, ಬೇಗ. ಎದುರಿನವರು ಮೊದಲು ಎಲೆ ಬಿಟ್ಟಾರೆಂದು ಕಾಯುತ್ತ ಕೂರಬೇಡಿ.

ಮನೆಯಾಟದಲ್ಲಿ ಎಲೆ ಹಂಚುವವರ ಕೆಲಸ

ಮನೆಯಲ್ಲಿ ಪ್ರತ್ಯೇಕ ಡೀಲರ್ ಇರುವುದಿಲ್ಲ, ಎಲೆ ಹಂಚಿದವರೇ ಎಲ್ಲ ಮಾಡಬೇಕು. ಎಲ್ಲರ ಎಲೆ ತೆರೆದ ಮೇಲೆ ಪ್ರತಿ ಹ್ಯಾಂಡನ್ನೂ ಜೋರಾಗಿ ಓದಿ. ಗೆದ್ದವರ ಐದು ಎಲೆ ಯಾವುವೆಂದು ಬೋರ್ಡ್‌ನ ಎಲೆಗಳನ್ನು ಸ್ವಲ್ಪ ಮುಂದಕ್ಕೆ ಸರಿಸಿ ತೋರಿಸಿ. ಸೋತ ಎಲೆಗಳನ್ನು ಮೊದಲು ಎತ್ತಿ. ಗೆದ್ದದ್ದು ಮತ್ತು ಬೋರ್ಡ್ ಹಾಗೇ ಇರಲಿ. ಪಾಟ್ ದಾಟಿಸಿ, ಕೊನೆಗೆ ಗೆದ್ದ ಎಲೆ ಎತ್ತಿಕೊಳ್ಳಿ. ಇದೇ ಕ್ರಮ ಯಾಕೆಂದರೆ, ಯಾರಾದರೂ ‘ತಡೀರಿ’ ಎಂದಾಗ ಲೆಕ್ಕ ಸರಿನೋಡಲು ಬೇಕಾದ ಏಳು ಎಲೆಯೂ ಮೇಜಿನ ಮೇಲೇ ಇರುತ್ತವೆ. ಬಿಟ್ಟ ಎಲೆಗಳ ರಾಶಿ ಯಾವಾಗಲೂ ಒಂದೇ ಜಾಗದಲ್ಲಿ, ಆಟಗಾರರ ಕೈಗೆ ದೂರದಲ್ಲಿರಲಿ.

ತೆರೆದ ಎಲೆಯನ್ನು ಓದುವಲ್ಲಿ ತಪ್ಪು ಕಂಡರೆ ಯಾರು ಬೇಕಾದರೂ ಹೇಳಬಹುದು, ಹೇಳಲೇಬೇಕು, ಆ ಆಟದಲ್ಲಿ ಇಲ್ಲದವರು ಕೂಡ. ಬೋರಲು ಇರುವ ಎಲೆಯ ಬಗ್ಗೆ ಮಾತ್ರ ತುಟಿ ಬಿಚ್ಚಬಾರದು: ಪಕ್ಕದವರ ಎಲೆ ಇಣುಕಿ ಕಂಡು ‘ಬಿಡಬೇಡಿ, ನೀವೇ ಗೆದ್ದಿದ್ದೀರಿ’ ಎನ್ನುವುದು ಇನ್ನೊಬ್ಬರ ಆಟ ಆಡಿದಂತೆ.

ಪಾಟ್ ಸಮನಾಗಿ ಹಂಚಿಕೆಯಾಗದಿದ್ದರೆ, ಬಳಕೆಯಲ್ಲಿರುವ ಅತಿ ಚಿಕ್ಕ ಚಿಪ್‌ವರೆಗೆ ಒಡೆಯಿರಿ. ಪಾಟ್ 4,525, ಚಿಕ್ಕ ಚಿಪ್ 25 ಎಂದಾದರೆ ತಲಾ 2,250 ಹೋಗಿ 25ರ ಒಂದು ಚಿಪ್ ಉಳಿಯುತ್ತದೆ. ಅದು ಬಟನ್‌ನ ಎಡಕ್ಕೆ ಮೊದಲು ಬರುವ ಗೆದ್ದವರಿಗೆ. ಸೈಡ್ ಪಾಟ್ ಇದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಹಂಚಬೇಕು, ಒಟ್ಟು ಸೇರಿಸಿ ಅಲ್ಲ.

ಹ್ಯಾಂಡ್ ಓದಿದ್ದರ ಬಗ್ಗೆ ತಕರಾರು ತೆಗೆಯಲು ಅವಕಾಶ ಮುಂದಿನ ಆಟ ಶುರುವಾಗುವವರೆಗೆ. ಕೈಯಲ್ಲಿ ಕಲೆಸುವಾಗ ಮೊದಲ ಸಲ ಎಲೆ ಬೆರೆಸಿದ ಕ್ಷಣ, ಯಂತ್ರವಿದ್ದರೆ ಅದರ ಗುಂಡಿ ಒತ್ತಿದ ಕ್ಷಣ ಮುಂದಿನ ಆಟ ಶುರುವಾದಂತೆ. ಅನುಮಾನ ಬಂದರೆ ಕಟ್ಟು ಕಲೆಸುವ ಕೈಯನ್ನು ಅಲ್ಲೇ ನಿಲ್ಲಿಸಿ, ಬೋರ್ಡ್ ಮತ್ತು ತೆರೆದ ಎಲೆಗಳನ್ನು ಇನ್ನೊಮ್ಮೆ ಓದಿಸಿ, ಆಮೇಲೆ ಚಿಪ್ ಜೋಡಿಸಿಕೊಳ್ಳಿ.